ವಿಪರೀತ ಗ್ಯಾಸ್, ಹೊಟ್ಟೆ ಉಬ್ಬರ ಆಗ್ತಿದ್ರೆ ಯಾವ ಊಟ ಒಗ್ತಿಲ್ಲ ಅಂತ ಮನೇಲೇ ಕಂಡುಹಿಡಿಯೋದು ಹೇಗೆ

ಹೊಟ್ಟೆ ಉಬ್ಬರ ಅಂತ ಬಾಯಿಬಿಟ್ಟು ಹೇಳಿದ್ರೆ ಒಬ್ರು ಅವರೆಕಾಳು ಬಿಡಿ ಅಂತಾರೆ, ಇನ್ನೊಬ್ರು ಹಾಲು ಬಿಡಿ ಅಂತಾರೆ, ಮೊಬೈಲ್ ತೆಗೆದ್ರೆ ಗೋಧಿ ಮುಟ್ಟಲೇಬೇಡಿ ಅಂತ ಬರತ್ತೆ, ಹಿಂಗೆ ಒಂದೊಂದೇ ಬಿಡ್ತಾ ಬಿಡ್ತಾ ಕೊನೆಗೆ ತಟ್ಟೇಲಿ ಅನ್ನ ತಿಳಿಸಾರು ಮಾತ್ರ ಉಳ್ಕೊಂಡಿರತ್ತೆ, ತೂಕ ಇಳಿದಿರತ್ತೆ, ಗ್ಯಾಸ್ ಮಾತ್ರ ಹಂಗೇ ಇರತ್ತೆ. ಮಂಡ್ಯ ಮೈಸೂರು ಕಡೆ ಈ ಥರ ಒದ್ದಾಡ್ತಿರೋರನ್ನ ತುಂಬ ನೋಡಿದೀನಿ, ನಮ್ಮನೇಲೂ ಇದಾರೆ, ಅದಕ್ಕೇ ಪೂರ್ತಿಯಾಗಿ ಕೂತು ಬರೀತಿದೀನಿ. ಸಾಮಾನ್ಯವಾಗಿ ತೊಂದರೆ ಕೊಡೋದು ಒಂದೋ ಎರಡೋ ಪದಾರ್ಥ ಅಷ್ಟೇ, ಅದ್ರಲ್ಲೂ ಎಷ್ಟೋ ಸಲ ಆ ಪದಾರ್ಥವನ್ನ ಸ್ವಲ್ಪ ಕಮ್ಮಿ ತಿಂದ್ರೆ ಏನೂ ಆಗಲ್ಲ. ಆ ಒಂದೆರಡು ಯಾವುದು, ನಿಮ್ಮ ಹೊಟ್ಟೆ ಎಷ್ಟು ತಡ್ಕೊಳತ್ತೆ, ಇಷ್ಟು ಗೊತ್ತಾದ್ರೆ ಮುದ್ದೆ ಬಸ್ಸಾರು ಕಾಫಿ ಯಾವುದನ್ನೂ ಪೂರ್ತಿ ಬಿಡ್ಬೇಕಾಗಿಲ್ಲ. ಇದಕ್ಕೆ ಸುಮಾರು ಎರಡು ತಿಂಗಳು ಹಿಡಿಯತ್ತೆ, ಒಂದು ನೋಟ್‌ಬುಕ್ ಬೇಕು, ಮನೇಲಿ ಅಡುಗೆ ಮಾಡೋರ ಸಹಕಾರ ಬೇಕು.

ಮೊದ್ಲೇ ಒಂದು ಮಾತು, ಗ್ಯಾಸ್ ಆಗೋದೇ ಕಾಯಿಲೆ ಅಲ್ಲ. ದಿನಕ್ಕೆ ಹತ್ತು ಹದಿನೈದು ಸಲ, ಕೆಲವ್ರಿಗೆ 20 ಸಲದ ತನಕ ಕೆಳಗಿಂದ ಗಾಳಿ ಹೋಗೋದು ಆರೋಗ್ಯವಾಗಿರೋರಿಗೂ ಮಾಮೂಲಿ. ನೋವು, ಬಿಗಿತ, ಬೇಧಿ, ಕೆಲಸಕ್ಕೆ ಹೋಗೋಕೇ ಮುಜುಗರ ಅನ್ನೋ ಮಟ್ಟಕ್ಕೆ ಬಂದಿದ್ರೆ ಮುಂದೆ ಓದಿ.

ಹಂತ 1: ಇದು ಗ್ಯಾಸ್ ಅಲ್ಲದೇ ಇರಬಹುದಾ ಅಂತ ನೋಡ್ಕೊಳ್ಳಿ

ಇದನ್ನ ಬಿಟ್ಟು ಮುಂದಕ್ಕೆ ಹೋಗ್ಬೇಡಿ. ಎದೆ ಮಧ್ಯ ಒತ್ತಿದ ಹಾಗೆ ನೋವು, ಜೊತೆಗೆ ಬೆವರು, ಎಡಗೈಗೋ ದವಡೆಗೋ ಬೆನ್ನಿಗೋ ಎಳೆತ, ಉಸಿರು ಕಟ್ಟೋದು, ಇದ್ಯಾವುದಾದ್ರೂ ಇದ್ರೆ ಗ್ಯಾಸ್ಟ್ರಿಕ್ ಇರ್ಬೇಕು ಅಂತ ಈನೋ ಕುಡಿದು ಮಲಗೋದು ಬೇಡವೇ ಬೇಡ, 108ಕ್ಕೆ ಫೋನ್ ಮಾಡಿ, ಇಲ್ಲಾ ಹತ್ರದ ಆಸ್ಪತ್ರೇಲಿ ತಕ್ಷಣ ಇಸಿಜಿ ಮಾಡಿಸಿ. ಮೈಸೂರಲ್ಲಿ ಜಯದೇವ ಇದೆ, ಕೆ.ಆರ್. ಆಸ್ಪತ್ರೆ ಇದೆ, ಮಂಡ್ಯದಲ್ಲಿ ಮಿಮ್ಸ್ ಇದೆ, ರಾತ್ರಿ ಎಷ್ಟೊತ್ತಾದ್ರೂ ಹೋಗಿ. ಶುಗರ್ ಇರೋರಿಗೆ, ವಯಸ್ಸಾದೋರಿಗೆ, ಹೆಂಗಸರಿಗೆ ಹಾರ್ಟ್ ತೊಂದರೆ ಬರೀ ಹೊಟ್ಟೆ ಮೇಲ್ಭಾಗದ ಸಂಕಟದ ಥರಾನೇ ಕಾಣಿಸ್ಬಹುದು. ಇಸಿಜಿ ನಾರ್ಮಲ್ ಬಂದು ವಾಪಸ್ ಬಂದ್ರೆ ಏನೂ ನಷ್ಟ ಇಲ್ಲ.

ಇನ್ನು ಕೆಲವು ಇವೆ, ಅಷ್ಟು ಅರ್ಜೆಂಟ್ ಅಲ್ಲದಿದ್ರೂ ಮನೇಲಿ ಪ್ರಯೋಗ ಮಾಡ್ತಾ ಕೂರೋ ವಿಷಯ ಅಲ್ಲ. ಪ್ರಯತ್ನ ಮಾಡದೇ ತೂಕ ಇಳೀತಿರೋದು, ಮಲದಲ್ಲಿ ರಕ್ತ, ಟಾರ್ ಥರ ಕಪ್ಪು ಮಲ, ರಕ್ತ ಕಮ್ಮಿ ಅಂತ ರಿಪೋರ್ಟ್ ಬಂದಿರೋದು, ರಾತ್ರಿ ನಿದ್ದೆಯಿಂದ ಎಬ್ಬಿಸೋ ನೋವು ಅಥವಾ ಬೇಧಿ, ಬಿಟ್ಟು ಬಿಟ್ಟು ಜ್ವರ, 50 ದಾಟಿದ್ಮೇಲೆ ಹೊಸದಾಗಿ ಶುರುವಾದ ಹೊಟ್ಟೆ ತೊಂದರೆ, ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಆಗಿರೋದು. ಹೆಂಗಸರಲ್ಲಿ, ಅದ್ರಲ್ಲೂ ಮುಟ್ಟು ನಿಂತಿರೋರಲ್ಲಿ, ಹೊಟ್ಟೆ ವಾರಗಟ್ಲೆ ಇಳೀದೇ ಉಬ್ಬಿಕೊಂಡೇ ಇದ್ರೆ ಅಂಡಾಶಯದ ಸ್ಕ್ಯಾನಿಂಗ್ ಮಾಡಿಸ್ಲೇಬೇಕು, ಅಮ್ಮಂದಿರು ಇದನ್ನ ಗ್ಯಾಸ್ ಅಂತ ಮುಚ್ಚಿಟ್ಕೊಂಡು ಓಡಾಡ್ತಾರೆ, ದಯವಿಟ್ಟು ನೀವಾಗೇ ಕೇಳಿ. ಹೊಟ್ಟೆ ಗಟ್ಟಿಯಾಗಿ ಉಬ್ಬಿ, ವಾಂತಿ ಆಗಿ, ಗಾಳಿನೂ ಹೋಗ್ತಿಲ್ಲ ಮಲಾನೂ ಹೋಗ್ತಿಲ್ಲ ಅಂದ್ರೆ ಅದು ಎಮರ್ಜೆನ್ಸಿ.

ಹಂತ 2: ತೊಂದರೆ ಎಲ್ಲಿದೆ, ಮೇಲಾ ಕೆಳಗಾ

ಎದೆ ಉರಿ, ಹುಳಿ ತೇಗು ಬರ್ತಿದ್ರೆ ಅದು ಆಸಿಡ್ಡಿನ ಕತೆ. ಬರೀ ತೇಗು, ಒಂದರ ಹಿಂದೆ ಒಂದು ಬರ್ತಾನೇ ಇದ್ರೆ ಅದು ಬಹುತೇಕ ನಾವೇ ನುಂಗಿರೋ ಗಾಳಿ. ಹೊಕ್ಕಳ ಸುತ್ತ ಮತ್ತೆ ಕೆಳಗೆ ಗುಡುಗುಡು ಅಂದು, ಸಂಜೆ ಹೊತ್ತಿಗೆ ಪ್ಯಾಂಟ್ ಬಟನ್ ಬಿಚ್ಚೋ ಹಾಗಾಗಿ, ವಾಸನೆ ಗಾಳಿ ಹೋಗ್ತಿದ್ರೆ ಅದು ದೊಡ್ಡ ಕರುಳಲ್ಲಿ ಹುಟ್ಟಿರೋ ಗ್ಯಾಸ್. ಈ ಮಾರ್ಗದರ್ಶಿಯ ಮುಖ್ಯ ಭಾಗ ಈ ಮೂರನೇದರ ಬಗ್ಗೆ.

ಈ ಮೂರಕ್ಕೂ ಮೆಡಿಕಲ್ ಸ್ಟೋರಲ್ಲಿ ಒಂದೇ ಮಾತ್ರೆ ಕೇಳಿ ತಗೊಳ್ಳೋ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಇವೆಲ್ಲ ಜಠರದ ಆಸಿಡ್ ಕಮ್ಮಿ ಮಾಡೋ ಮಾತ್ರೆಗಳು, ಕೆಳಗಿನ ಕರುಳಲ್ಲಿ ಆಗೋ ಗ್ಯಾಸಿಗೂ ಅದಕ್ಕೂ ಸಂಬಂಧ ಇಲ್ಲ, ಅಷ್ಟೇ ಅಲ್ಲ ವರ್ಷಗಟ್ಲೆ ತಗೊಂಡ್ರೆ ಸಣ್ಣ ಕರುಳಲ್ಲಿ ಬ್ಯಾಕ್ಟೀರಿಯಾ ಜಾಸ್ತಿಯಾಗಿ ಗ್ಯಾಸ್ ಹೆಚ್ಚೋ ಸಾಧ್ಯತೇನೂ ಇದೆ. ಈನೋದಲ್ಲಿ ಇರೋದು ಸೋಡ ಮತ್ತೆ ಸಿಟ್ರಿಕ್ ಆಸಿಡ್, ನೀರಿಗೆ ಹಾಕಿದ ತಕ್ಷಣ ಬುಸ್ ಅಂತ ಬರೋದೇ ಗ್ಯಾಸು, ಅದು ಹೊಟ್ಟೆಗೆ ಹೋಗಿ ತೇಗಾಗಿ ಬಂದಾಗ ಹಗುರ ಅನ್ಸತ್ತೆ. ಅದ್ರಲ್ಲಿ ಸೋಡಿಯಂ ಜಾಸ್ತಿ, ಬಿಪಿ ಇರೋರು ದಿನಾ ಕುಡಿಯೋದು ಒಳ್ಳೇದಲ್ಲ.

ಹಂತ 3: ಊಟಕ್ಕಿಂತ ಮುಂಚೆ ಮಾತ್ರೆ ಡಬ್ಬಿ ನೋಡಿ

ಇದನ್ನ ಯಾರೂ ನೋಡಲ್ಲ, ಅದಕ್ಕೇ ಇಷ್ಟು ಮೇಲೆ ಬರೀತಿದೀನಿ. ಮದ್ದೂರಿನ ಹತ್ರ ಇರೋ ನಮ್ಮ ದೊಡ್ಡಮ್ಮನಿಗೆ ಗ್ಯಾಸ್ ಕಾಟ ವಿಪರೀತ ಆಗಿ ಹುರುಳಿಕಾಳು, ಅವರೆ, ಆಲೂಗಡ್ಡೆ ಎಲ್ಲ ಬಿಟ್ಟಿದ್ರು, ಹಬ್ಬದ ದಿನ ಒಬ್ಬಟ್ಟೂ ಮುಟ್ತಿರ್ಲಿಲ್ಲ. ಮಾತ್ರೆ ಡಬ್ಬಿ ಮುಂದಿಟ್ಕೊಂಡು ಒಂದೊಂದೇ ಪಟ್ಟಿ ಹಿಂದೆ ತಿರುಗಿಸಿ ಓದ್ದಾಗ ಶುಗರಿನ ಮಾತ್ರೇಲಿ ವೋಗ್ಲಿಬೋಸ್ ಅಂತ ಇತ್ತು, ಯಾವಾಗಿಂದ ಇದು ಅಂತ ಕೇಳಿದ್ರೆ "ಹೋದ ಗೌರಿ ಹಬ್ಬದಿಂದ ಕಣಪ್ಪ, ಹೊಟ್ಟೆ ಕೆಟ್ಟಿದ್ದೂ ಆಗಿಂದ್ಲೇ" ಅಂದ್ರು. ವೋಗ್ಲಿಬೋಸ್, ಅಕಾರ್ಬೋಸ್ ಇವು ಕೆಲಸ ಮಾಡೋ ರೀತಿನೇ ಹಂಗೆ, ಅನ್ನ ಮುದ್ದೇಲಿರೋ ಪಿಷ್ಟ ಬೇಗ ಸಕ್ಕರೆಯಾಗದೇ ಇರೋ ಹಾಗೆ ತಡೀತವೆ, ಜೀರ್ಣ ಆಗ್ದೇ ಉಳಿದಿದ್ದು ದೊಡ್ಡ ಕರುಳಿಗೆ ಹೋಗತ್ತೆ, ಅಲ್ಲಿ ಬ್ಯಾಕ್ಟೀರಿಯಾ ಅದನ್ನ ತಿಂದು ಗ್ಯಾಸ್ ಮಾಡತ್ತೆ. ಡಾಕ್ಟ್ರಿಗೆ ಹೇಳಿದ್ಮೇಲೆ ಮಾತ್ರೆ ಬದಲಾಯಿಸಿ ಕೊಟ್ರು, ಈಗ ಹುರುಳಿಕಾಳು ಸಾರು ಮತ್ತೆ ಶುರುವಾಗಿದೆ.

ಮೆಟ್‌ಫಾರ್ಮಿನ್ ಕೂಡ ಗ್ಯಾಸ್, ಬೇಧಿ ಮಾಡಬಹುದು, ನಿಧಾನವಾಗಿ ಬಿಡುಗಡೆ ಆಗೋ ಥರದ್ದು ಕೆಲವ್ರಿಗೆ ಪರವಾಗಿಲ್ಲ ಅನ್ಸತ್ತೆ. ಮಲಬದ್ಧತೆಗೆ ಕೊಡೋ ಲ್ಯಾಕ್ಟುಲೋಸ್ ಸಿರಪ್ಪು ಗ್ಯಾಸ್ ಮಾಡತ್ತೆ. ಐರನ್ ಮಾತ್ರೆ ಮಲ ಗಟ್ಟಿ ಮಾಡತ್ತೆ, ಮಲ ನಿಂತ್ರೆ ಗಾಳಿನೂ ನಿಲ್ಲತ್ತೆ. ಇದನ್ನೆಲ್ಲ ಓದಿ ಯಾರೂ ತಾವೇ ಮಾತ್ರೆ ನಿಲ್ಲಿಸ್ಬೇಡಿ, ಶುಗರ್ ಏರಿದ್ರೆ ಗ್ಯಾಸಿಗಿಂತ ದೊಡ್ಡ ತೊಂದರೆ, ಪಟ್ಟಿ ತಗೊಂಡು ಹೋಗಿ ಬರೆದುಕೊಟ್ಟೋರನ್ನೇ ಕೇಳಿ.

ಹಂತ 4: ಸುಲಭದ್ದು ಮೊದಲು ಸರಿಮಾಡಿ

ಒಂದು ವಾರ ಊಟದಲ್ಲಿ ಏನೂ ಬದಲಾಯಿಸದೇ ಇಷ್ಟು ಮಾತ್ರ ಮಾಡಿ. ನಿಧಾನವಾಗಿ ಊಟ ಮಾಡಿ, ಬಸ್ಸಿಗೆ ಹೊತ್ತಾಯ್ತು ಅಂತ ಗಬಗಬ ತಿನ್ನೋದು, ತಿಂತಾ ತಿಂತಾ ಫೋನಲ್ಲಿ ಮಾತಾಡೋದು, ಬಿಸಿ ಕಾಫಿ ಸೊರ್ ಅಂತ ಎಳೆಯೋದು, ಸೋಡ, ಚ್ಯೂಯಿಂಗ್ ಗಮ್, ಬೀಡಿ ಸಿಗರೇಟು, ಸಡಿಲ ಆಗಿರೋ ಹಲ್ಲಿನ ಸೆಟ್ಟು, ಇವೆಲ್ಲ ಗಾಳಿ ನುಂಗಿಸ್ತವೆ. ಮುದ್ದೆ ಅಗಿಯದೇ ನುಂಗೋದು ನಮ್ಮ ಪದ್ಧತಿ, ಅದನ್ನ ಬಿಡಿ ಅಂತ ನಾನು ಹೇಳಲ್ಲ, ಆದ್ರೆ ತುತ್ತು ಚಿಕ್ಕದು ಮಾಡ್ಕೊಳ್ಳಿ, ಅದ್ರ ಜೊತೆ ಬರೋ ಕಾಳನ್ನ ಮಾತ್ರ ಚೆನ್ನಾಗಿ ಅಗೀರಿ.

ಊಟ ಆದ್ಮೇಲೆ ಹತ್ತು ಹದಿನೈದು ನಿಮಿಷ ನಡೀರಿ. ಕುಕ್ಕರಹಳ್ಳಿ ಕೆರೆ ತನಕಾನೇ ಹೋಗ್ಬೇಕು ಅಂತಿಲ್ಲ, ಮನೆ ಮುಂದಿನ ರಸ್ತೇಲಿ ಸಾಕು, ನಡೆದ್ರೆ ಕರುಳಲ್ಲಿರೋ ಗಾಳಿ ಮುಂದಕ್ಕೆ ಸಾಗತ್ತೆ. ಮಲಬದ್ಧತೆ ಇದ್ರೆ ಮೊದಲು ಅದನ್ನ ನೋಡ್ಕೊಳ್ಳಿ, ನೀರು ಸಾಕಷ್ಟು ಕುಡೀರಿ, ಇಸಬಗೋಲ್ ಒಂದು ಚಮಚದಿಂದ ಶುರುಮಾಡಿ ನಿಧಾನ ಹೆಚ್ಚಿಸಿ, ಒಂದೇ ಸಲಕ್ಕೆ ನಾರು ಜಾಸ್ತಿ ಮಾಡಿದ್ರೆ ಗ್ಯಾಸ್ ಇನ್ನೂ ಏರತ್ತೆ. ಬರೀ ಇಷ್ಟಕ್ಕೇ ಸರಿಹೋದೋರು ಇದಾರೆ, ಅವರಿಗೆ ಮುಂದಿನ ಹಂತಗಳ ಅಗತ್ಯಾನೇ ಇಲ್ಲ.

ಹಂತ 5: ಎರಡು ವಾರ ಬರೆದಿಡಿ

ನೆನಪಿನ ಮೇಲೆ ನಂಬಿಕೆ ಇಡಬೇಡಿ, ಯಾಕಂದ್ರೆ ಹೊಟ್ಟೆ ಉಬ್ಬಿದಾಗ ನಮ್ಗೆ ನೆನಪಾಗೋದು ಈಗಷ್ಟೇ ತಿಂದಿದ್ದು. ತಿಂದ ಊಟ ದೊಡ್ಡ ಕರುಳು ಸೇರೋಕೆ ಸುಮಾರು ನಾಲ್ಕರಿಂದ ಆರು ಗಂಟೆ ಹಿಡಿಯತ್ತೆ, ಅಂದ್ರೆ ಮಧ್ಯಾಹ್ನ ಮೂರು ಗಂಟೆಗೆ ಹೊಟ್ಟೆ ಬಿಗಿದ್ರೆ ಒಂದೂವರೆಗೆ ತಿಂದ ಅನ್ನದ ಮೇಲೆ ಅನುಮಾನ ಬರತ್ತೆ, ನಿಜವಾಗಿ ತೊಂದರೆ ಕೊಟ್ಟಿರೋದು ಬೆಳಿಗ್ಗೆ ಒಂಬತ್ತರ ತಿಂಡಿ ಇರಬಹುದು. ಹಾಲು ಮಾತ್ರ ಸ್ವಲ್ಪ ಬೇಗ, ಅರ್ಧ ಗಂಟೆಯಿಂದ ಎರಡು ಗಂಟೆ ಒಳಗೇ ಎಷ್ಟೋ ಜನಕ್ಕೆ ಗೊತ್ತಾಗತ್ತೆ.

ಒಂದು ದಿನದ ಪುಟ ಹೀಗಿರಲಿ. ಬೆಳಿಗ್ಗೆ 7, ಕಾಫಿ ಒಂದು ಲೋಟ. 9, ಮಸಾಲೆ ದೋಸೆ ಒಂದು, ಚಟ್ನಿ ಎರಡು ಸಲ ಹಾಕಿಸ್ಕೊಂಡೆ. 11, ಕಾಫಿ ಬೈಟು. 1:30, ಮುದ್ದೆ ಒಂದು, ಅವರೆಕಾಳು ಸಾರು, ಅನ್ನ ಮಜ್ಜಿಗೆ. 3:15, ಹೊಟ್ಟೆ ಬಿಗಿ, ಹತ್ತಕ್ಕೆ ಆರು. 5, ಮದ್ದೂರು ವಡೆ ಒಂದು, ಟೀ. 8, ಚಪಾತಿ ಎರಡು, ಸಾಗು. 9:30, ಗುಡುಗುಡು, ಗ್ಯಾಸ್ ಜಾಸ್ತಿ, ಹತ್ತಕ್ಕೆ ಎಂಟು. ಮಲ ಒಂದು ಸಲ, ತೆಳ್ಳಗೆ. ನಿದ್ದೆ ಸರಿ ಇಲ್ಲ, ಆಫೀಸಲ್ಲಿ ಟೆನ್ಶನ್. ಹೆಂಗಸರು ಮುಟ್ಟಿನ ದಿನಾನೂ ಬರೀರಿ, ಆ ಸಮಯದಲ್ಲಿ ಊಟ ಏನೂ ಬದಲಾಗದಿದ್ರೂ ಉಬ್ಬರ ಬರತ್ತೆ.

ಈ ಪುಟಾನ ಸ್ವಲ್ಪ ಗಮನ ಇಟ್ಟು ನೋಡಿ. ದೋಸೆ ಅಂತ ಬರೆದಿದ್ರೂ ಮೈಸೂರು ಮಸಾಲೆ ದೋಸೆ ಒಳಗೆ ಹಚ್ಚೋ ಕೆಂಪು ಚಟ್ನೀಲಿ ಬೆಳ್ಳುಳ್ಳಿ ಇದೆ, ಪಲ್ಯದಲ್ಲಿ ಈರುಳ್ಳಿ ಇದೆ, ಚಟ್ನೀಲಿ ಹುರಿಗಡಲೆ ಇದೆ. ಮದ್ದೂರು ವಡೆ ತಿಂದು ಹೊಟ್ಟೆ ಉಬ್ಬಿದ್ರೆ ಎಣ್ಣೆ ಸರಿ ಇಲ್ಲ ಅಂತೀವಿ, ಆದ್ರೆ ಅದ್ರಲ್ಲಿರೋದು ರವೆ, ಮೈದಾ, ಕೈತುಂಬ ಈರುಳ್ಳಿ. ಗೋಬಿ ಮಂಚೂರಿ ಅಂದ್ರೆ ಹೂಕೋಸು, ಮೈದಾ, ಬೆಳ್ಳುಳ್ಳಿ, ಈರುಳ್ಳಿ ನಾಲ್ಕೂ ಒಟ್ಟಿಗೆ. ಅದಕ್ಕೇ ತಿಂಡಿ ಹೆಸರು ಮಾತ್ರ ಬರೆದ್ರೆ ಸಾಲದು, ಒಳಗೇನಿದೆ ಅಂತ ಬರೀಬೇಕು.

ಹಂತ 6: ನಮ್ಮ ಅಡುಗೆಮನೇಲಿ ಅನುಮಾನ ಪಡ್ಬೇಕಾದವು

ಸಣ್ಣ ಕರುಳಲ್ಲಿ ಪೂರ್ತಿ ಜೀರ್ಣ ಆಗದ ಕೆಲವು ಸಕ್ಕರೆಗಳು ದೊಡ್ಡ ಕರುಳಿಗೆ ಹೋದಾಗ ಅಲ್ಲಿರೋ ಬ್ಯಾಕ್ಟೀರಿಯಾ ಅವನ್ನ ಹುದುಗಿಸತ್ತೆ, ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬಿ ಪಾತ್ರೆಯಿಂದ ಹೊರಗೆ ಬರತ್ತಲ್ಲ ಹಂಗೆ. ಆಸ್ಟ್ರೇಲಿಯಾದ ಮೆಲ್ಬರ್ನಿನ ಮೊನಾಶ್ ಯೂನಿವರ್ಸಿಟಿಯೋರು ಈ ಸಕ್ಕರೆಗಳನ್ನೆಲ್ಲ ಗುಂಪು ಮಾಡಿ ಫಾಡ್‌ಮ್ಯಾಪ್ ಪಥ್ಯ ಅಂತ ರೂಪಿಸಿದಾರೆ, ಇವತ್ತು ಗ್ಯಾಸ್ಟ್ರೋ ಡಾಕ್ಟ್ರುಗಳು ಐಬಿಎಸ್ (ಕರುಳು ಸೂಕ್ಷ್ಮವಾಗಿ ಪದೇ ಪದೇ ಹೊಟ್ಟೆನೋವು, ಬೇಧಿ ಇಲ್ಲಾ ಮಲಬದ್ಧತೆ ಬರೋ ತೊಂದರೆ) ಇರೋರಿಗೆ ಹೇಳೋದು ಹೆಚ್ಚಾಗಿ ಅದನ್ನೇ. ಅದನ್ನ ನಮ್ಮೂರಿನ ಊಟಕ್ಕೆ ಹೊಂದಿಸಿ ಹೇಳ್ತೀನಿ.

ಹಾಲು. ಹಾಲಲ್ಲಿರೋ ಲ್ಯಾಕ್ಟೋಸ್ ಒಡೆಯೋಕೆ ಲ್ಯಾಕ್ಟೇಸ್ ಅನ್ನೋ ಕಿಣ್ವ ಬೇಕು, ದಕ್ಷಿಣ ಭಾರತದಲ್ಲಿ ದೊಡ್ಡೋರಾದ್ಮೇಲೆ ಅದು ಕಮ್ಮಿ ಆಗೋರು ತುಂಬಾ ಜನ. 250 ಎಂಎಲ್ ಹಾಲಲ್ಲಿ ಸುಮಾರು 12 ಗ್ರಾಂ ಲ್ಯಾಕ್ಟೋಸ್ ಇರತ್ತೆ. ಹಾಲು ಒಗ್ಗದ ಎಷ್ಟೋ ಜನ ಒಂದು ಲೋಟದಷ್ಟನ್ನ ಊಟದ ಜೊತೆ ತಡ್ಕೊಳ್ತಾರೆ, ತೊಂದರೆ ಶುರುವಾಗೋದು ಬೆಳಿಗ್ಗೆ ಹಾಲು, ಮೂರು ಕಾಫಿ, ಎರಡು ಟೀ, ರಾತ್ರಿ ಪಾಯಸ ಎಲ್ಲ ಸೇರಿದಾಗ. ಮೊಸರಲ್ಲಿ ಬ್ಯಾಕ್ಟೀರಿಯಾನೇ ಸ್ವಲ್ಪ ಲ್ಯಾಕ್ಟೋಸ್ ತಿಂದಿರತ್ತೆ, ಚೆನ್ನಾಗಿ ಹುಳಿ ಬಂದ ಮೊಸರು, ನೀರು ಮಜ್ಜಿಗೆ ಬಹಳ ಜನಕ್ಕೆ ಒಗ್ಗತ್ತೆ. ತುಪ್ಪದಲ್ಲಿ ಇಲ್ಲ ಅಂತಾನೇ ಹೇಳ್ಬಹುದು. ಖೋವಾ ಸ್ವೀಟುಗಳಲ್ಲಿ ತುಂಬಾ. ನಾಟಿ ಹಸುವಿನ ಹಾಲು, ಎ2 ಹಾಲು ಅಂತ ಜಾಸ್ತಿ ದುಡ್ಡು ಕೊಟ್ಟು ತಗೊಂಡ್ರೂ ಲ್ಯಾಕ್ಟೋಸ್ ಅಷ್ಟೇ ಇರತ್ತೆ, ಕಾಯ್ಸಿದ್ರೂ ಹೋಗಲ್ಲ. ಇನ್ನೊಂದು, ಜೋರಾಗಿ ಬೇಧಿ ಆಗಿ ವಾಸಿಯಾದ್ಮೇಲೆ ಕೆಲವು ವಾರ ಹಾಲು ಒಗ್ಗದೇ ಇರೋದು ಮಾಮೂಲು, ಅದು ಸಾಮಾನ್ಯವಾಗಿ ತಾನೇ ಸರಿಹೋಗತ್ತೆ.

ಕಾಳು ಬೇಳೆ. ಅವರೆ, ಹುರುಳಿ, ಅಲಸಂದೆ, ಕಡ್ಲೆ, ತೊಗರಿ ಎಲ್ಲದ್ರಲ್ಲೂ ರಾಫಿನೋಸ್, ಸ್ಟಾಕಿಯೋಸ್ ಅನ್ನೋ ಸಕ್ಕರೆ ಇರತ್ತೆ, ಅದನ್ನ ಒಡೆಯೋ ಕಿಣ್ವ ಯಾವ ಮನುಷ್ಯನ ಕರುಳಲ್ಲೂ ಇಲ್ಲ. ಹಾಗಾಗಿ ಕಾಳು ತಿಂದು ಗ್ಯಾಸ್ ಆಗೋದು ರೋಗ ಅಲ್ಲ, ಕೆಲವ್ರಿಗೆ ಕರುಳು ಸೂಕ್ಷ್ಮ ಇರೋದ್ರಿಂದ ಅಷ್ಟೇ ಗ್ಯಾಸ್ ಜಾಸ್ತಿ ನೋಯ್ಸತ್ತೆ. ಮೈಸೂರ್ ಪಾಕ್ ತಿಂದ್ರೆ ಗ್ಯಾಸ್ ಅನ್ನೋರು ತುಪ್ಪದ ಮೇಲೆ ಹಾಕ್ತಾರೆ, ಅದ್ರಲ್ಲಿ ಕಡ್ಲೆಹಿಟ್ಟು ಇರೋದನ್ನ ಮರೀತಾರೆ.

ಈರುಳ್ಳಿ, ಬೆಳ್ಳುಳ್ಳಿ, ಗೋಧಿ. ಈ ಮೂರಲ್ಲೂ ಫ್ರಕ್ಟಾನ್ ಅನ್ನೋದಿದೆ, ಅದೂ ಕಾಳಿನ ಸಕ್ಕರೆ ಥರಾನೇ ನಮ್ಮ ಕರುಳಿಗೆ ಒಡೆಯೋಕಾಗದ ಸಕ್ಕರೆ. ನನ್ನ ಪ್ರಕಾರ ನಮ್ಮ ಕಡೆ ಸಿಕ್ಕಿಹಾಕಿಕೊಳ್ಳದೇ ತಪ್ಪಿಸ್ಕೊಳ್ಳೋದು ಈರುಳ್ಳಿ ಬೆಳ್ಳುಳ್ಳಿನೇ, ಯಾಕಂದ್ರೆ ಎಲ್ಲದ್ರಲ್ಲೂ ಇರತ್ತೆ, ಯಾವುದರ ಹೆಸರಲ್ಲೂ ಇರಲ್ಲ. ಬೀಗರೂಟಕ್ಕೆ ಹೋಗಿ ಬಂದು ಮಟನ್ ಒಗ್ಗಲಿಲ್ಲ ಅಂತಾರೆ, ಮಾಂಸದಲ್ಲಿ ಹುದುಗೋ ಸಕ್ಕರೆ ಇಲ್ಲ, ಮಸಾಲೆಗೆ ರುಬ್ಬಿ ಹಾಕಿರೋ ಈರುಳ್ಳಿ ಬೆಳ್ಳುಳ್ಳಿ ಮೇಲೆ ಮೊದಲು ಅನುಮಾನ ಪಡಿ. ಹಾಗೇ ಚಪಾತಿ ತಿಂದು ಉಬ್ಬರ ಬಂದ ತಕ್ಷಣ ಗ್ಲೂಟನ್ (ಗೋಧೀಲಿರೋ ಪ್ರೋಟೀನು) ಅಂತ ತೀರ್ಮಾನ ಮಾಡ್ಬೇಡಿ, ಗೋಧಿಯಲ್ಲಿರೋ ಫ್ರಕ್ಟಾನೂ ಕಾರಣ ಇರಬಹುದು. ರಾಗಿ, ಅಕ್ಕಿ, ಜೋಳದಲ್ಲಿ ಗ್ಲೂಟನ್ ಇಲ್ಲ.

ಉಳಿದವು ಬೇಗ ಹೇಳ್ಬಿಡ್ತೀನಿ. ಮಾವು, ಸೇಬು, ಕಲ್ಲಂಗಡಿ, ಜೇನುತುಪ್ಪದಲ್ಲಿ ಫ್ರಕ್ಟೋಸ್ ಜಾಸ್ತಿ. ಹೂಕೋಸು, ಅಣಬೆಯಲ್ಲಿ ಬೇರೆ ಥರದ ಸಕ್ಕರೆ. ಶುಗರ್ ಫ್ರೀ ಚಾಕ್ಲೇಟು, ಬಿಸ್ಕತ್ತು, ಗಮ್ಮಲ್ಲಿ ಸಕ್ಕರೆ ಬದಲು ಸಾರ್ಬಿಟಾಲ್ ಅನ್ನೋ ಸಿಹಿ ಹಾಕಿರ್ತಾರೆ, ಶುಗರ್ ಇರೋರು ಒಳ್ಳೇದು ಅಂತ ತಿಂದು ಹೊಟ್ಟೆ ಕೆಡಿಸ್ಕೊಳ್ತಾರೆ. ಬೆಲ್ಲ, ಕಬ್ಬಿನ ಹಾಲು ಸಾಮಾನ್ಯವಾಗಿ ಈ ಪಟ್ಟೀಲಿ ಬರಲ್ಲ.

ಹಂತ 7: ಒಂದು ಗುಂಪು ಬಿಡಿ, ಮತ್ತೆ ತಿಂದು ನೋಡಿ

ಎಲ್ಲಾ ಒಟ್ಟಿಗೆ ಬಿಡಬೇಡಿ. ನೋಟ್‌ಬುಕ್ಕಲ್ಲಿ ಯಾವುದು ಜಾಸ್ತಿ ಸಲ ಸಿಕ್ತೋ ಅದರಿಂದ ಶುರು ಮಾಡಿ, ಏನೂ ಗೊತ್ತಾಗ್ಲಿಲ್ಲ ಅಂದ್ರೆ ಹಾಲಿಂದ ಶುರು ಮಾಡಿ, ಅದು ಪರೀಕ್ಷೆ ಮಾಡೋಕೆ ಸುಲಭ. ಎರಡು ವಾರ ಹಾಲು, ಕಾಫಿ ಟೀಗೆ ಹಾಕೋ ಹಾಲು, ಖೋವಾ, ಐಸ್‌ಕ್ರೀಮ್, ಪಾಯಸ ಪೂರ್ತಿ ಬಂದ್. ಕಪ್ಪು ಕಾಫಿ ಕುಡೀರಿ, ಆದ್ರೆ ಕಾಫಿ ತಾನೇ ಕರುಳನ್ನ ಚುರುಕು ಮಾಡತ್ತೆ ಅನ್ನೋದು ನೆನಪಿರಲಿ. ಮಿಕ್ಕಿದ ಊಟ ಮಾಮೂಲು. ಎರಡು ವಾರದಲ್ಲಿ ಏನೂ ವ್ಯತ್ಯಾಸ ಇಲ್ಲ ಅಂದ್ರೆ ಹಾಲು ನಿರಪರಾಧಿ, ವಾಪಸ್ ಶುರುಮಾಡಿ, ಮುಂದಿನ ಗುಂಪಿಗೆ ಹೋಗಿ.

ಕಮ್ಮಿ ಆಯ್ತು ಅಂದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ, ಬಹಳ ಜನ ಇಲ್ಲೇ ನಿಲ್ಲಿಸಿ ಜೀವನ ಪೂರ್ತಿ ಹಾಲು ಬಿಡ್ತಾರೆ. ಮತ್ತೆ ತಿಂದು ನೋಡೋದು ಇದ್ರಲ್ಲಿ ಮುಖ್ಯ ಕೆಲಸ. ಮೊದಲ ದಿನ ಬೆಳಿಗ್ಗೆ ಕಾಲು ಲೋಟ ಹಾಲು, ಎರಡನೇ ದಿನ ಅರ್ಧ ಲೋಟ, ಮೂರನೇ ದಿನ ಒಂದು ಲೋಟ, ಪ್ರತಿ ದಿನ ಏನಾಯ್ತು ಅಂತ ಬರೀರಿ. ಎಲ್ಲಿ ತೊಂದರೆ ಶುರುವಾಯ್ತೋ ಅದರ ಹಿಂದಿನದು ನಿಮ್ಮ ಅಳತೆ. ಆಮೇಲೆ ಎರಡು ಮೂರು ದಿನ ಬಿಟ್ಟು ಬೇರೆ ಗುಂಪು.

ಈರುಳ್ಳಿ ಬೆಳ್ಳುಳ್ಳಿ ಬಿಡೋ ಎರಡು ಮೂರು ವಾರ ಹೋಟ್ಲು ಊಟ ಸಾಧ್ಯ ಆದಷ್ಟು ಬೇಡ. ಇಡ್ಲಿ, ಅಕ್ಕಿರೊಟ್ಟಿ, ಮುದ್ದೆ, ಹೆಸರುಬೇಳೆ ತಿಳಿಸಾರು, ಮೆಣಸಿನ ಸಾರು, ಟೊಮೊಟೊ, ಕ್ಯಾರೆಟ್, ಬದನೆಕಾಯಿ, ಸೌತೆಕಾಯಿ, ಮೊಟ್ಟೆ, ಮೀನು ಇಷ್ಟರಲ್ಲಿ ಆರಾಮಾಗಿ ನಡೆಯತ್ತೆ, ಮಡಿ ಅಡುಗೆ ಮಾಡೋ ಮನೆಗಳಲ್ಲಿ ಇದು ಹೊಸದೇನಲ್ಲ. ವಾಪಸ್ ತರುವಾಗ ಈರುಳ್ಳಿ ಬೇರೆ, ಬೆಳ್ಳುಳ್ಳಿ ಬೇರೆ ಮಾಡಿ ನೋಡಿ, ಒಬ್ರಿಗೆ ಒಂದು ಒಗ್ಗಿ ಇನ್ನೊಂದು ಒಗ್ಗದೇ ಇರಬಹುದು. ಗೋಧಿ ಪರೀಕ್ಷೆಗೆ ಬರೀ ಚಪಾತಿ ತಿನ್ನಿ, ಬೇಕರಿ ಬನ್ನು ತಿಂದ್ರೆ ಹಾಲಾ ಮೈದಾನಾ ಗೊತ್ತಾಗಲ್ಲ.

ಗೋಧಿ ಬಿಡೋಕೆ ಮುಂಚೆ ಒಂದು ಎಚ್ಚರಿಕೆ. ತೂಕ ಇಳಿಯೋದು, ರಕ್ತಹೀನತೆ, ಬಹಳ ದಿನದ ಬೇಧಿ ಇದ್ರೆ ಸೀಲಿಯಾಕ್ ಕಾಯಿಲೆ (ಗ್ಲೂಟನ್ ತಿಂದ್ರೆ ಸಣ್ಣ ಕರುಳು ಹಾಳಾಗೋದು) ಇರಬಹುದು, ಅದಕ್ಕೆ ಟಿಟಿಜಿ ಐಜಿಎ ಅನ್ನೋ ರಕ್ತಪರೀಕ್ಷೆ ಇದೆ, ಅದನ್ನ ಗೋಧಿ ತಿಂತಿರುವಾಗಲೇ ಮಾಡಿಸ್ಬೇಕು, ಬಿಟ್ಟ ಮೇಲೆ ಮಾಡಿಸಿದ್ರೆ ಕಾಯಿಲೆ ಇದ್ರೂ ನೆಗೆಟಿವ್ ಬರಬಹುದು. ಸೀಲಿಯಾಕ್ ಅಂತ ಖಾತ್ರಿ ಆದೋರು ಅಂಗಡಿ ಇಂಗಿನ ಡಬ್ಬಿಯನ್ನೂ ಓದ್ಬೇಕು, ಪುಡಿ ಇಂಗಿಗೆ ಗೋಧಿ ಅಥವಾ ಮೈದಾ ಹಿಟ್ಟು ಬೆರೆಸಿರ್ತಾರೆ.

ಮಕ್ಕಳು, ಬಸುರಿಯರು, ಇನ್ಸುಲಿನ್ ತಗೊಳ್ಳೋರು, ಈಗಾಗಲೇ ತೂಕ ಕಮ್ಮಿ ಇರೋರು ಈ ಹಂತವನ್ನ ಡಾಕ್ಟ್ರು ಅಥವಾ ಡಯಟಿಷಿಯನ್ ಇಲ್ದೇ ಮಾಡ್ಬೇಡಿ. ತುಟಿ ಊದೋದು, ಮೈಮೇಲೆ ಗಂದೆ ಏಳೋದು, ಉಸಿರಾಟ ಕಷ್ಟ ಆಗೋದು ಇದ್ರೆ ಅದು ಅಲರ್ಜಿ, ಅದನ್ನ ಮನೇಲಿ ಮತ್ತೆ ತಿಂದು ಪರೀಕ್ಷೆ ಮಾಡೋದು ಪ್ರಾಣಕ್ಕೇ ಅಪಾಯ.

ಹಂತ 8: ಬಿಡೋ ಬದಲು ಮಾಡೋ ರೀತಿ ಬದಲಾಯಿಸಿ

ಕಾಳಿನ ಸಕ್ಕರೆ ನೀರಲ್ಲಿ ಕರಗತ್ತೆ, ಇದೊಂದು ಗೊತ್ತಿದ್ರೆ ಅರ್ಧ ಕೆಲಸ ಆಯ್ತು. ಒಣಕಾಳನ್ನ ರಾತ್ರಿ ಜಾಸ್ತಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ, ಎರಡು ಸಲ ತೊಳೆದು, ಹೊಸ ನೀರಲ್ಲಿ ಬೇಯಿಸಿ. ಹುರುಳಿಕಾಳು, ಹೆಸರುಕಾಳು ಮೊಳಕೆ ಕಟ್ಟಿದ್ರೆ ಆ ಸಕ್ಕರೆ ಇನ್ನೂ ಇಳಿಯತ್ತೆ, ನಮ್ಮಜ್ಜಿಯರು ಬಟ್ಟೇಲಿ ಕಟ್ಟಿ ಗುಂಡುಕಲ್ಲು ಹೇರಿ ಇಡ್ತಿದ್ದಿದ್ದು ರುಚಿಗೆ ಮಾತ್ರ ಅಲ್ಲ, ಹೊಟ್ಟೆಗೂ ಒಳ್ಳೇದೇ ಆಗ್ತಿತ್ತು. ಮೊಳಕೆಯನ್ನ ಹಸಿಯಾಗಿ ತಿನ್ಬೇಡಿ, ಚೆನ್ನಾಗಿ ಬೇಯಿಸಿ.

ಬಸ್ಸಾರಿನ ವಿಷಯ ಇಲ್ಲೇ ಹೇಳ್ತೀನಿ. ಸೊಪ್ಪು ಕಾಳು ಬೇಯಿಸಿ, ಜರಡಿ ಹಿಡಿದು ಕಟ್ಟು ಬಸಿದು, ಆ ಕಟ್ಟಿಗೆ ಈರುಳ್ಳಿ ಬೆಳ್ಳುಳ್ಳಿ ಮೆಣಸಿನಕಾಯಿ ಹುರಿದು ರುಬ್ಬಿ ಹಾಕಿ ಸಾರು ಮಾಡ್ತೀವಿ, ಮೇಲುಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡ್ತೀವಿ. ಕಾಳಿನ ಸಕ್ಕರೆ ಒಳ್ಳೇ ಪಾಲು ಇಳಿದಿರೋದು ಆ ಕಟ್ಟಿಗೆ, ಅದ್ರ ಮೇಲೆ ಬೆಳ್ಳುಳ್ಳಿ ಬೇರೆ. ಅಂದ್ರೆ ಕಾಳು ಒಗ್ಗಲ್ಲ ಅಂತ ಪಲ್ಯ ಪಕ್ಕಕ್ಕೆ ತಳ್ಳಿ ಸಾರು ಮಾತ್ರ ಸುರ್ಕೊಂಡು ತಿನ್ನೋರು ತಿರುಗುಮುರುಗು ಮಾಡ್ತಿದಾರೆ, ಅವರಿಗೆ ಪಲ್ಯ ಸ್ವಲ್ಪ ಜಾಸ್ತಿ, ಸಾರು ಮುದ್ದೆ ನೆನೆಯೋವಷ್ಟು ಮಾತ್ರ ಇದ್ರೆ ಹೊಟ್ಟೆ ಹಗುರ ಇರತ್ತೆ. ಕಾಳನ್ನ ಮೊದಲೇ ನೆನೆಸಿ ನೀರು ಚೆಲ್ಲಿದ್ರೆ ಸಾರೂ ಪರವಾಗಿಲ್ಲ. ಹಿತಕಿದವರೆ ಸಾರಿಗೂ ಅಷ್ಟೇ, ನೆನೆಸಿ ಹಿತುಕಿದ್ಮೇಲೆ ಆ ನೀರನ್ನ ಸಾರಿಗೆ ಹಾಕ್ಬೇಡಿ.

ಬೆಳ್ಳುಳ್ಳಿಯ ಫ್ರಕ್ಟಾನ್ ನೀರಲ್ಲಿ ಕರಗತ್ತೆ, ಎಣ್ಣೇಲಿ ಕರಗಲ್ಲ. ಹಾಗಾಗಿ ಎಣ್ಣೇಲಿ ಎಸಳು ಕಂದು ಬಣ್ಣ ಬರೋ ತನಕ ಹುರಿದು, ಎಸಳು ತೆಗೆದುಹಾಕಿ, ಆ ಎಣ್ಣೇಲೇ ಒಗ್ಗರಣೆ ಕೊಟ್ರೆ ಘಮ ಹಂಗೇ ಇರತ್ತೆ. ಎಸಳನ್ನ ಸಾರಿಗೆ ಹಾಕಿ ಕುದಿಸಿ ಆಮೇಲೆ ತೆಗೆದ್ರೆ ಪ್ರಯೋಜನ ಇಲ್ಲ. ಹಾಲು ಕಮ್ಮಿ ಮಾಡಿದೋರಿಗೆ ಕ್ಯಾಲ್ಸಿಯಂ ಚಿಂತೆ ಇರತ್ತೆ, 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮುದ್ದೆ ಮಜ್ಜಿಗೆ ತಿನ್ನೋರು ಅಷ್ಟು ಭಯ ಪಡ್ಬೇಕಿಲ್ಲ.

ಉಬ್ಬರ ಬಂದ ಹೊತ್ತಲ್ಲಿ

ನಡೀರಿ. ಅಂಗಾತ ಮಲಗಿ ಎರಡೂ ಮಂಡಿ ಎದೆಗೆ ತಬ್ಕೊಳ್ಳಿ, ಪವನಮುಕ್ತಾಸನ, ಊಟ ಆದ ತಕ್ಷಣ ಬೇಡ. ಓಮಿನ ಕಾಳು, ಜೀರಿಗೆ, ಸೋಂಪು ಕುದಿಸಿದ ಬಿಸಿನೀರು ಬಹಳ ಜನಕ್ಕೆ ಹಿತ ಕೊಡತ್ತೆ, ಕುಡೀರಿ, ಆದ್ರೆ ಕಾರಣ ಹುಡುಕೋದನ್ನ ಅದಕ್ಕೋಸ್ಕರ ನಿಲ್ಲಿಸ್ಬೇಡಿ. ಸಿಮೆಥಿಕೋನ್ ಮಾತ್ರೆ ಗುಳ್ಳೆಗಳನ್ನ ಒಡೆಯತ್ತೆ, ಕೆಲವ್ರಿಗೆ ಅನುಕೂಲ ಆಗತ್ತೆ, ಕೆಲವ್ರಿಗೆ ಏನೂ ಆಗಲ್ಲ. ಹಾಲೇ ಕಾರಣ ಅಂತ ಗೊತ್ತಾದೋರಿಗೆ ಲ್ಯಾಕ್ಟೇಸ್ ಮಾತ್ರೆ ಸಿಗತ್ತೆ, ಮದುವೆ ಮನೆಗೆ ಹೋಗುವಾಗ ಜೇಬಲ್ಲಿ ಇಟ್ಕೊಂಡು ಪಾಯಸದ ಮೊದಲ ತುತ್ತಿನ ಜೊತೆ ತಗೋಬೇಕು, ತಿಂದು ಗಂಟೆ ಆದ್ಮೇಲೆ ತಗೊಂಡ್ರೆ ಉಪಯೋಗಕ್ಕೆ ಬರಲ್ಲ.

ಹಂತ 9: ಟೆಸ್ಟುಗಳು, ಡಾಕ್ಟ್ರ ಹತ್ರ ಹೋಗೋದು

ರಕ್ತ ಕೊಟ್ರೆ ನೂರಾರು ಆಹಾರದ ಪಟ್ಟಿ ಬರತ್ತೆ, ಯಾವುದು ಒಗ್ಗಲ್ಲ ಅಂತ ಕೆಂಪಲ್ಲಿ ತೋರ್ಸತ್ತೆ ಅಂತ ಸಾವಿರಾರು ರೂಪಾಯಿಯ ಪ್ಯಾಕೇಜು ಮಾರ್ತಾರಲ್ಲ, ಅದ್ರಲ್ಲಿ ನೋಡೋದು ಐಜಿಜಿ, ಅಂದ್ರೆ ರಕ್ತದಲ್ಲಿರೋ ಒಂದು ಥರದ ಪ್ರತಿಕಾಯ. ನೀವು ಆ ಆಹಾರ ತಿಂದಿದೀರಾ ಅನ್ನೋದಷ್ಟೇ ಅದು ಹೇಳೋದು, ಒಗ್ಗಲ್ಲ ಅಂತ ಅಲ್ಲ, ಅಲರ್ಜಿ ತಜ್ಞರ ಸಂಘಗಳೇ ಅದನ್ನ ಮಾಡಿಸ್ಬೇಡಿ ಅಂತ ಹೇಳಿವೆ. ದುಡ್ಡು ಹಾಳು ಮಾಡ್ಬೇಡಿ, ಆ ಪಟ್ಟಿ ನೋಡಿ ಊಟ ಬಿಟ್ಟು ಸೊರಗಬೇಡಿ. ಉಪಯೋಗಕ್ಕೆ ಬರೋದು ಹೈಡ್ರೋಜನ್ ಉಸಿರಿನ ಪರೀಕ್ಷೆ, ಖಾಲಿ ಹೊಟ್ಟೇಲಿ ಲ್ಯಾಕ್ಟೋಸ್ ನೀರು ಕುಡಿಸಿ ಎರಡು ಮೂರು ಗಂಟೆ ತನಕ ಆಗಾಗ ಊದಿಸಿ ನೋಡ್ತಾರೆ, ಎಲ್ಲಾ ಲ್ಯಾಬಲ್ಲಿ ಇರಲ್ಲ, ಗ್ಯಾಸ್ಟ್ರೋ ವಿಭಾಗ ಇರೋ ದೊಡ್ಡ ಆಸ್ಪತ್ರೆಗಳಲ್ಲಿ ಕೇಳಿ.

ಎರಡು ತಿಂಗಳು ಇಷ್ಟೆಲ್ಲ ಮಾಡಿದ್ರೂ ಕಮ್ಮಿ ಆಗ್ಲಿಲ್ಲ ಅಂದ್ರೆ ಊಟ ಕಾರಣ ಅಲ್ಲದೇ ಇರಬಹುದು, ಥೈರಾಯ್ಡ್, ಜಿಯಾರ್ಡಿಯಾ ಅನ್ನೋ ನೀರಿಂದ ಬರೋ ಸೋಂಕು, ಸಣ್ಣ ಕರುಳಲ್ಲಿ ಬ್ಯಾಕ್ಟೀರಿಯಾ ಹೆಚ್ಚಿರೋದು, ಐಬಿಎಸ್, ಇವನ್ನ ಡಾಕ್ಟ್ರೇ ನೋಡ್ಬೇಕು. ಹೋಗುವಾಗ ಗ್ಯಾಸ್ಟ್ರಿಕ್ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸ್ಬೇಡಿ, ಯಾವಾಗ ಶುರುವಾಯ್ತು, ಹೊಟ್ಟೇಲಿ ಎಲ್ಲಿ, ಮಲ ಹೇಗಿದೆ, ತೂಕ ಎಷ್ಟಿತ್ತು ಈಗ ಎಷ್ಟಿದೆ, ಏನೇನು ಬಿಟ್ಟು ನೋಡಿದ್ರಿ ಏನಾಯ್ತು ಅಂತ ಹೇಳಿ. ಓಪಿಡೀಲಿ ಜನ ಜಾಸ್ತಿ ಇದ್ದು ಮಾತಾಡೋಕೆ ಐದು ನಿಮಿಷ ಸಿಕ್ರೂ ನೋಟ್‌ಬುಕ್ಕಿನ ಎರಡು ವಾರದ ಪುಟ ಮತ್ತೆ ಎಲ್ಲಾ ಮಾತ್ರೆ ಪಟ್ಟಿಗಳು ಕೈಲಿದ್ರೆ ಡಾಕ್ಟ್ರು ನೇರವಾಗಿ ವಿಷಯಕ್ಕೆ ಬರ್ತಾರೆ. ಮಲ ಪರೀಕ್ಷೆ ಬರೆದುಕೊಟ್ರೆ ನಾಚ್ಕೊಂಡು ಬಿಡಬೇಡಿ, ಮೂರು ಸ್ಯಾಂಪಲ್ ಬೇರೆ ಬೇರೆ ದಿನ ಕೊಡಿ ಅಂದ್ರೆ ಮೂರೂ ಕೊಡಿ, ಜಿಯಾರ್ಡಿಯಾ ಒಂದೇ ಸಲಕ್ಕೆ ಸಿಗದೇ ಹೋಗಬಹುದು.